ಮೂಲೆಗೆ ಬಿದ್ದ ಚೆಂಡು

ಸಂಜೆ ನಾಲ್ಕೂಕಾಲಿಗೆ ಅವನಿಗೆ ತಪ್ಪು ಸಿಕ್ಕಿತು. ಗಣಿತ ವಿಭಾಗದ ಆ ಕೋಣೆಯಲ್ಲಿ ಎರಡು ಮೇಜು, ಒಂದು ಕಪ್ಪುಹಲಗೆ. ಎದುರಿನ ಮೇಜಿನಲ್ಲಿ ಅವಳು ನಾಳಿನ ಉಪನ್ಯಾಸಕ್ಕೆ ಸ್ಲೈಡ್ ಜೋಡಿಸುತ್ತಾ ಏನನ್ನೋ ಗುನುಗುತ್ತಿದ್ದಳು. ತಪ್ಪು ಇದ್ದದ್ದು ನಾಳೆ ಮಂಡಿಸಲಿದ್ದ ಅವಳ ಗಣಿತದ ಪ್ರೂಫಿನಲ್ಲಿ.

ಪ್ರಶ್ನೆ ಹಳೆಯದು, ಕೇಳಲು ಮಕ್ಕಳಾಟ. ತ್ರಿಕೋನಾಕಾರದ ಬಿಲಿಯರ್ಡ್ಸ್ ಮೇಜಿನ ಮೇಲೆ ಎಂದೂ ನಿಲ್ಲದ ಚೆಂಡೊಂದು ಅಂಚಿಗೆ ಬಡಿದು ಬಡಿದು ಓಡುತ್ತದೆ. ತ್ರಿಕೋನ ಎಂಥದ್ದೇ ಇರಲಿ, ಹೊರಟಲ್ಲಿಗೇ ಮರಳಿ ಅದೇ ದಾರಿಯಲ್ಲಿ ಸುತ್ತುವ ಒಂದು ಓಟ ಅದರಲ್ಲಿ ಇದ್ದೇ ಇರುತ್ತದೆಯೆ? ಮೂರೂ ಕೋನ ಲಂಬಕೋನಕ್ಕಿಂತ ಕಿರಿದಾಗಿದ್ದರೆ ಇದೆ ಎಂದು ಎಂದೋ ಗೊತ್ತಾಗಿದೆ. ಒಂದು ಕೋನ ತೀರಾ ಅಗಲವಾದರೆ ಯಾರಿಗೂ ಗೊತ್ತಿಲ್ಲ. ತನಗೆ ಗೊತ್ತಾಯಿತೆಂದು ಅವಳು ನಾಳೆ ಹೇಳುವವಳಿದ್ದಳು.

ಹೇಳಿದರೆ ಅವನ ಹಾಗೆ ಅವಳಿಗೂ ಇಲ್ಲಿ ಕಾಯಂ ಹುದ್ದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಗುತ್ತಿಗೆ ಮುಗಿದು, ಎರಡು ಹಗಲು ರೈಲಿನಲ್ಲಿ ಕೂತು ತಲುಪಬೇಕಾದ ಕಾಲೇಜಿಗೆ ಹೋಗಬೇಕು.

"ಏನು ಇನ್‌ಸ್ಪೆಕ್ಟರ್, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಕಂಡವರ ಲೆಕ್ಕದಲ್ಲೆಲ್ಲ ತಪ್ಪು ಹಿಡಿಯುತ್ತಾನೆಂದು ಅವಳೇ ಇಟ್ಟ ಹೆಸರು.

"ಟೀ ತಣ್ಣಗಾಗಿದೆ."

"ಕುಡೀದೆ ಕೂತ್ರೆ ಅದೇನು ಮಾಡುತ್ತೆ, ಪಾಪ? ನನ್ನೇ ನೋಡ್ತಿದ್ರಿ. ಸುಳ್ಳು ಬೇಡ."

ನೋಡುತ್ತಿದ್ದದ್ದು ನಿಜ. ಪೆನ್ಸಿಲ್ ಸಿಕ್ಕಿಸಿಕೊಂಡ ಕಿವಿಯ ಪಕ್ಕ ಕೆನ್ನೆಯ ಮೇಲೊಂದು ಸೀಸದ ಗೆರೆ. ಎಂದಿನಂತೆ ಅದನ್ನು ತೋರಿಸಿ ಛೇಡಿಸಲು ಬಾಯಿ ಬರಲಿಲ್ಲ.

"ಅಕ್ಕ ಫೋನ್ ಮಾಡಿದ್ಲು. ಕೆಲಸ ಗಟ್ಟಿಯಾದ್ರೆ ಮನೆ ನೋಡ್ಕೋ, ಹಾಗೇ ಆ ಇನ್‌ಸ್ಪೆಕ್ಟರನ್ನೂ ವಿಚಾರಿಸ್ಕೋ ಅಂದ್ಲು. ನಾಳೆ ಸಾಯಂಕಾಲ ವಿಚಾರಿಸ್ತೀನಿ. ಉತ್ತರ ರೆಡಿ ಇಟ್ಕೊಳ್ಳಿ."

ಅವನು ಕಾದು ಕಾದು ಸಾಕಾಗಿದ್ದ ಮಾತು ಅದು. ಅವನು ಮತ್ತೆ ಪ್ರೂಫಿನ ಹಾಳೆಯತ್ತ ನೋಡಿದ.

ಸುಮ್ಮನಿದ್ದರೆ? ನಾಳೆ ಸಭೆಯಲ್ಲಿ ಯಾರಿಗೂ ಹೊಳೆಯದು. ಆದರೆ ಇಂದಲ್ಲ ನಾಳೆ ಎಲ್ಲೋ ಕೂತ ಯಾರೋ ಹಿಡಿದೇ ಹಿಡಿಯುತ್ತಾರೆ. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಪಕ್ಕದ ಸಭಾಂಗಣದಲ್ಲಿ ನಾಳೆಗಾಗಿ ಕುರ್ಚಿ ಎಳೆಯುವ ಸದ್ದು ನೆಲದ ಮೂಲಕ ಕಾಲಿಗೆ ಹತ್ತುತ್ತಿತ್ತು.

ಆ ಕೋಣೆಗೆ ಒಂದು ಕಟ್ಟಳೆಯಿತ್ತು. ತಪ್ಪು ಕಂಡವರು ಮೊದಲು ಬಾಯಿ ಬಿಡಬಾರದು. ಚಾಕ್‌ಪೀಸ್ ತಂದು ಇನ್ನೊಬ್ಬರ ಅಂಗೈಯಲ್ಲಿಡಬೇಕು. ಅವನು ಎದ್ದ. ಇಟ್ಟ.

ಅವಳ ನಗು ಅರ್ಧಕ್ಕೇ ನಿಂತಿತು. "ಎಲ್ಲಿ?"

"ಸೂಜಿಯಂಥ ತ್ರಿಕೋನ ಬರುತ್ತಲ್ಲ, ಅಲ್ಲಿ. ಚೆಂಡು ಮೂಲೆಗೆ ಹೋಗಿ ಬೀಳುತ್ತೆ."

ಮೂಲೆಗೆ ಬಿದ್ದ ಚೆಂಡು ಯಾವ ಕಡೆ ತಿರುಗಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಓಟ ಅಲ್ಲಿಗೆ ಮುಗಿಯಿತು. ಅವಳು ಹಲಗೆಯ ಮೇಲೆ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಗೆರೆ ಮತ್ತೆ ಮೂಲೆಗೇ ಹೋಯಿತು.

"ಸುಮ್ನಿದ್ದಿದ್ರೆ ನಾನು ಇಲ್ಲೇ ಇರ್ತಿದ್ದೆ," ಎಂದಳು, ತಿರುಗದೆ.

"ಗೊತ್ತು."

"ಮತ್ತೆ?"

"ಆಮೇಲೆ ದಿನಾ ನಿಮ್ಮೆದುರು ಕೂತು ಟೀ ಕುಡೀಬೇಕಲ್ಲ."

ಕುರ್ಚಿಗಳ ಸದ್ದು ನಿಂತಿತ್ತು. ಅವಳು ಬಂದು ಅವನ ತೋಳು ಹಿಡಿದಳು. ಅಂಗಿಯ ಮೇಲೆ ಚಾಕಿನ ಬಿಳಿ ಬೆರಳಚ್ಚು ಮೂಡಿತು.

"ನಾಳೆ ಕೇಳೋದನ್ನ ಇವತ್ತೇ ಕೇಳ್ತೀನಿ. ಆ ದೂರದ ಕಾಲೇಜಲ್ಲಿ ನನ್ನ ತಪ್ಪು ಹುಡುಕೋರು ಯಾರೂ ಇರಲ್ಲ. ಬರ್ತೀರಾ?"

ಅವನು ತಣ್ಣಗಾದ ಟೀ ಎತ್ತಿ ಒಂದೇ ಗುಟುಕಿಗೆ ಕುಡಿದ.

ಮರುದಿನ ಹತ್ತಕ್ಕೆ ಅವಳು ವೇದಿಕೆ ಹತ್ತಿ, ಪ್ರಶ್ನೆ ಇನ್ನೂ ಬಗೆಹರಿದಿಲ್ಲ ಎಂದು ಹೇಳಿ ಇಳಿದಳು. ಹುದ್ದೆ ಬೇರೊಬ್ಬರ ಪಾಲಾಯಿತು. ತಿಂಗಳ ಕೊನೆಯಲ್ಲಿ ಆ ಕೋಣೆಯ ಬಾಗಿಲಿನಿಂದ ಎರಡೂ ಹೆಸರುಗಳನ್ನು ತೆಗೆದರು.