ಬೇಟೆಯ ಮೊರದಲ್ಲಿ ಬಿಟ್ಟ ಬಾಗಿಲು

ಕುಡಿಯುವ ಮುಂಚೆ ನೀರನ್ನು ಮೂರು ಸಲ ಊದುವುದು ಕೇತನ ಅಭ್ಯಾಸ. ಕೊಡದ ನೀರಾದರೂ ಸರಿ, ಕೆರೆಯ ನೀರಾದರೂ ಸರಿ. ಫೂ, ಫೂ, ಫೂ. ಚಿಕ್ಕವನಿದ್ದಾಗ ಬಿಸಿ ಗಂಜಿಗೆ ನಾಲಿಗೆ ಸುಟ್ಟುಕೊಂಡಿದ್ದ, ಅಂದಿನಿಂದ ಹಾಗೆ. "ಕೆರೆಯ ಕೆಳಗೆ ಯಾರೋ ಒಲೆ ಹಚ್ಚಿದಾರೆ ಕಣೋ" ಎಂದು ಅವನ ಅಕ್ಕ ಬಮ್ಮಲೆ ನಗುತ್ತಿದ್ದಳು.

ಇದು ಯಾವ ಕಾಲದ್ದೋ, ಏಳು ಕಡಲಾಚೆಯ ಹೊಂಬಯಲು ರಾಜ್ಯದ್ದು. ಅಲ್ಲಿ ಹುಲ್ಲು ಎದೆಯುದ್ದ. ಜಾಲಿ ಮರಗಳು ಬಿಚ್ಚಿಟ್ಟ ಕೊಡೆಗಳಂತೆ. ಸುರುಳಿ ಕೋಡಿನ ಹುಲ್ಲೆಗಳು ಸಾವಿರಗಟ್ಟಲೆ ಮೇಯುತ್ತಿದ್ದವು.

ಅರಮನೆಯ ಬೇಟೆಗೆ ಮೊರ ಹಾಕುವವಳು ಬಮ್ಮಲೆ. ಮೊರದಲ್ಲಿ ಮರಳು ಹರವಿ, ಒಬ್ಬೊಬ್ಬ ಬೇಟೆಗಾರನಿಂದ ಒಂದೊಂದು ಹುಣಸೆ ಬೀಜ ಈಸಿಕೊಂಡು ಸುತ್ತಲೂ ಜೋಡಿಸುತ್ತಿದ್ದಳು. ಬೀಜ ಮರಳಲ್ಲಿ ಎಲ್ಲಿತ್ತೋ, ಅದನ್ನು ಕೊಟ್ಟವನ ಕಾಲು ಬಯಲಲ್ಲಿ ಅಲ್ಲೇ ಹೋಗಿ ಊರುತ್ತಿತ್ತು. ಬೇಟೆ ಮುಗಿಯುವ ತನಕ ಕದಲುತ್ತಿರಲಿಲ್ಲ. ಅಜ್ಜಿ ಹೇಳಿಕೊಟ್ಟ ಕಟ್ಟುಪಾಡು ಒಂದೇ: ಬೀಜಗಳ ನಡುವೆ ಬೆರಳಗಲ ಬಾಗಿಲು ಬಿಡಬೇಕು. ಹಿಂಡು ನುಗ್ಗುವುದು ಅಲ್ಲಿಗೇ, ಆಮೇಲೆ ಅದನ್ನು ಮುಚ್ಚಿದರೂ. ಬಾಗಿಲಲ್ಲಿ ಮಾತ್ರ ಯಾರೂ ನಿಲ್ಲಬಾರದು.

ಒಂದು ದಿನ ಕೇತ ಹುಲ್ಲೆಗಳ ಹೆಜ್ಜೆ ನೋಡಿಬರಲು ಹೋದವನು ಮರಳಲಿಲ್ಲ. ತಿಂಗಳಾಯಿತು. ಅದೇ ಹೊತ್ತಿಗೆ ಬೂದಿಜಡೆ ಎಂಬ ಮಾಂತ್ರಿಕ ಅರಮನೆಗೆ ಬಂದ. "ಬಯಲಲ್ಲಿ ಹೊನ್ನಿನ ಬಣ್ಣದ ಹುಲ್ಲೆ ಇದೆ, ದೊರೆ. ನಿಮ್ಮ ಬಾಣದಿಂದಲೇ ಅದು ಬೀಳಬೇಕು. ಅದರ ಕೋಡಿನಲ್ಲಿ ಹಾಲು ಕುಡಿದರೆ ನಿಮಗೆ ಮುಪ್ಪೇ ಇಲ್ಲ" ಎಂದ.

ಅರಸನಿಗೆ ಆಗಲೇ ಎರಡು ಹಲ್ಲು ಉದುರಿದ್ದವು. ಬೇಟೆಗೆ ಅಪ್ಪಣೆಯಾಯಿತು.

ಮೊದಲ ದಿನ ಬಮ್ಮಲೆ ಮೂಡಲಿಗೆ ಬಾಗಿಲು ಬಿಟ್ಟಳು. ಹೊನ್ನಿನ ಹುಲ್ಲೆ ಮೂಡಲಿಗೆ ಹಾರಿಹೋಯಿತು. ಎರಡನೆಯ ದಿನ ಪಡುವಲಿಗೆ ಬಿಟ್ಟಳು. ಹುಲ್ಲೆ ಪಡುವಲಿಗೆ ಹಾರಿಹೋಯಿತು.

"ಏನಮ್ಮಾ, ನಿನ್ನ ಮೊರ ಸೋರ್ತಾ ಇದೆಯಾ?" ಎಂದು ಬೇಟೆಗಾರರು ಛೇಡಿಸಿದರು.

ಬೂದಿಜಡೆ ನಗಲಿಲ್ಲ. "ನಾಳೆ ಬಾಗಿಲು ಬೇಡ" ಎಂದ. "ಬಿಟ್ಟೆಯೋ, ಈ ದಂಡ ಮುಟ್ಟಿಸಿ ನಿನ್ನನ್ನು ಕಲ್ಲು ಮಾಡ್ತೀನಿ."

ನಾಲ್ಕು ಜನರೆದುರು ಬಮ್ಮಲೆಗೆ ಮಾತೇ ಹೊರಡದು. ಬೆಳಗಾಗುತ್ತಲೇ ಗಾಳಿಯ ದಿಕ್ಕು ನೋಡಲು ಕೆರೆಗೆ ಹೋದಳು. ಹೊನ್ನಿನ ಹುಲ್ಲೆ ನೀರಿಗೆ ಬಂದಿತ್ತು. ಅದು ಮೂತಿ ಬಗ್ಗಿಸಿತು. ಫೂ, ಫೂ, ಫೂ. ಆಮೇಲೆ ಕುಡಿಯಿತು.

"ಕೇತಾ?"

ಹುಲ್ಲೆ ಓಡಲಿಲ್ಲ. ಬಂದು ಅವಳ ಅಂಗೈಯಲ್ಲಿ ಮೂತಿಯಿಟ್ಟಿತು. ಅದರ ಕೋಡಿಗೆ ಬೂದಿ ಬಣ್ಣದ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ಮನುಷ್ಯನನ್ನು ಹುಲ್ಲೆ ಮಾಡಿ, ಅದನ್ನು ಅರಸನ ಕೈಯಿಂದಲೇ ಕೊಲ್ಲಿಸಿದರೆ ಆ ರಾಜ್ಯ ಮಾಂತ್ರಿಕನ ಪಾಲಾಗುತ್ತದೆ ಎಂದು ಅಜ್ಜಿ ಹೇಳಿದ್ದು ಬಮ್ಮಲೆಗೆ ನೆನಪಾಯಿತು. ಅರಸನಿಗೆ ಹೇಳೋಣವೆಂದರೆ ಬೂದಿಜಡೆ ಅವನ ಬಗಲು ಬಿಡುತ್ತಿರಲಿಲ್ಲ.

ಮೂರನೆಯ ದಿನ ಮೊರದ ಸುತ್ತ ಎಲ್ಲರೂ ನೆರೆದರು. ಬಮ್ಮಲೆ ಬೀಜ ಜೋಡಿಸುತ್ತ ಬಂದಳು. ಕೊನೆಗೆ ಬೆರಳಗಲ ಜಾಗ ಉಳಿಯಿತು.

"ಮುಚ್ಚು!" ಎಂದ ಬೂದಿಜಡೆ.

"ಒಂದು ಬೀಜ ಕಮ್ಮಿ ಇದೆ, ಸ್ವಾಮಿ" ಎಂದಳು ಮೆಲ್ಲಗೆ. "ಇರೋರೆಲ್ಲ ಕೊಟ್ಟಾಯ್ತು. ಈ ಜಾಗ ದೊಡ್ಡದು. ನಿಮ್ಮಂಥವರು ನಿಲ್ಲಬೇಕು."

ಬೇಟೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಂತ್ರಿಕ ಎಂದೂ ಬೇಟೆಯಾಡಿದವನಲ್ಲ. ಹೆಮ್ಮೆಯಿಂದ ತಾನೇ ಒಂದು ಹುಣಸೆ ಬೀಜ ತೆಗೆದು ಆ ಜಾಗದಲ್ಲಿ ಒತ್ತಿದ.

ಬಯಲಲ್ಲಿ ತಮಟೆ ಬಡಿದರು. ಸಾವಿರ ಹುಲ್ಲೆಗಳು ಎದ್ದವು. ಬಾಗಿಲಿದ್ದ ಜಾಗಕ್ಕೇ ನುಗ್ಗಿದವು. ಬೂದಿಜಡೆ ಓಡಲು ನೋಡಿದ, ಕಾಲು ಏಳಲಿಲ್ಲ. "ಬೀಜ ತೆಗಿಯೇ ಹುಡುಗೀ!" ಎಂದು ಕೂಗಿದ. ಅರಸ ಹೊನ್ನಿನ ಹುಲ್ಲೆಗೆ ಗುರಿಯಿಟ್ಟು ಹೆದೆ ಎಳೆದ. ಅಷ್ಟರಲ್ಲಿ ಮಾಂತ್ರಿಕನ ದಂಡ ಗೊರಸುಗಳಡಿ ಲಟಕ್ಕನೆ ಮುರಿಯಿತು.

ಅರಸನ ಬಾಣದೆದುರು ಬಾಯ್ತುಂಬ ಹುಲ್ಲಿಟ್ಟುಕೊಂಡ ಕೇತ ನಿಂತಿದ್ದ. ಧೂಳು ಇಳಿದಾಗ ಮಾಂತ್ರಿಕನಿದ್ದಲ್ಲಿ ಒಂದು ಹಿಡಿ ಬೂದಿ ಇತ್ತು.

ಅರಸ ಬಿಲ್ಲು ಕೆಳಗಿಟ್ಟ. "ಹೋಗಲಿ ಬಿಡಿ. ಉಳಿದ ಹಲ್ಲೂ ಉದುರಲಿ" ಎಂದ. ಎಲ್ಲರೂ ನಕ್ಕರು. ಅಂದಿನಿಂದ ಹೊಂಬಯಲಿನಲ್ಲಿ ಬಾಗಿಲಿಲ್ಲದ ಮೊರ ಯಾರೂ ಹಾಕಿಸಲಿಲ್ಲ. ಜನ ಸುಖವಾಗಿದ್ದರು, ಹುಲ್ಲೆಗಳೂ ಸುಖವಾಗಿದ್ದವು.

ಒಂದು ಸಂಜೆ ಅಕ್ಕ ತಮ್ಮ ಕೆರೆದಂಡೆಗೆ ಬಂದರು. ಕೇತ ಬೊಗಸೆ ನೀರನ್ನು ಮೂರು ಸಲ ಊದಿ ಕುಡಿದ. ದೂರದಲ್ಲಿ ಹಿಂಡು ಓಡುತ್ತಿತ್ತು; ಅದನ್ನೇ ನೋಡಿದ. ಬಮ್ಮಲೆ ತನಗೆ ತಿಳಿಯದೆಯೇ ಸೆರಗಿನ ಗಂಟು ಮುಟ್ಟಿಕೊಂಡಳು. ಮುರಿದ ದಂಡದ ಚೂರು ಅದರಲ್ಲಿತ್ತು.

"ಅಕ್ಕಾ" ಎಂದ ಕೇತ. "ಅದನ್ನ ಒಂದು ಸಲ ಕೊಡೇ. ಆ ದೊಡ್ಡ ಜಾಲಿ ಮರದ ತನಕ ನಾಲ್ಕು ಕಾಲಲ್ಲಿ ಓಡಿ, ಹೊತ್ತು ಮುಳುಗೋದ್ರೊಳಗೆ ಬಂದುಬಿಡ್ತೀನಿ."