ಬೋರ್ಡಿನಲ್ಲಿ ಇಲ್ಲದ ಸೆಮಿಕೋಲನ್

"ಸರ್, ನಂದೂ ಕೆಂಪಾಯ್ತು."

"ನಂದು ಸಹ, ಸರ್."

ವೇಣೂರಿನ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದೊಂದೇ ಸ್ಕ್ರೀನಿನ ಮೇಲೆ ಎರರ್ ಬಂದು ಕೂತಿತು. ಕಂಪ್ಯೂಟರ್ ಕಲಿಸುವ ಶಶಿರಾಜ್ ಸರ್ ಚಾಕ್‌ಪೀಸಿನಿಂದ ಬೋರ್ಡನ್ನು ಕುಟ್ಟಿದರು.

"ಬೋರ್ಡಿನಲ್ಲಿ ಇದ್ದ ಹಾಗೇ ಟೈಪ್ ಮಾಡಿ ಅಂತ ಹೇಳಿದ್ದೇನಲ್ಲ? ಕಣ್ಣು ಎಲ್ಲಿ ಉಂಟು ನಿಮಗೆ?"

ಬೋರ್ಡಿನಲ್ಲಿದ್ದದ್ದು ಒಂದು ಪುಟ್ಟ ಸಿ ಪ್ರೋಗ್ರಾಂ. ಕಂಪೈಲ್ ಮಾಡಿ ರನ್ ಕೊಟ್ಟರೆ ಸ್ಕ್ರೀನಿನಲ್ಲಿ 'ವೆಲ್‌ಕಮ್' ಎಂದು ಬರಬೇಕು. ಇನ್ನೇನು ಶಾಲೆಯ ಸಂಚಾಲಕರಾದ ವಿಮಲಕುಮಾರರು ಫೋಟೊ ತೆಗೆಯಲು ಬರುವವರಿದ್ದರು. 'ಏಳನೇ ಕ್ಲಾಸಿಗೇ ಸಿ ಭಾಷೆ' ಎಂಬ ಫ್ಲೆಕ್ಸ್ ಆಗಲೇ ಗೇಟು ಹತ್ತಿಯಾಗಿತ್ತು. ಮಕ್ಕಳು ಕಲಿಯುವುದೊಂದೇ ಬಾಕಿ.

ತನ್ನ ಸ್ಕ್ರೀನೂ ಕೆಂಪಾದದ್ದನ್ನು ತ್ರಿಶಾಗೆ ನಂಬಲಾಗಲಿಲ್ಲ. ನೋಡಿ ಬರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸರ್ ಕೈತಪ್ಪಿ ಗೀಚಿದ ಗೆರೆಯನ್ನೂ ಬಿಡದೆ ಕಾಪಿ ಮಾಡಿ 'ವೆರಿ ಗುಡ್' ಗಿಟ್ಟಿಸುವ ಹುಡುಗಿ ಅವಳು. ಕೆಂಪು ಅಕ್ಷರ ಕಂಡ ಕೂಡಲೇ ಕ್ಲೋಸ್ ಮಾಡಿದಳು. ಪುನಃ ಕೆಂಪು. ಪುನಃ ಕ್ಲೋಸ್.

"ನಂದು ಬಂತು ಸರ್," ಎಂದಳು ಪಕ್ಕದಲ್ಲಿದ್ದ ಫಾಹಿಮಾ.

ಸರ್ ಹಿಗ್ಗಿನಿಂದ ಓಡಿ ಬಂದರು. ಸ್ಕ್ರೀನ್ ನೋಡುತ್ತಲೇ ಹುಬ್ಬು ಗಂಟಾಯಿತು. "ಈ ಸೆಮಿಕೋಲನ್ ಎಂತದು? ಬೋರ್ಡಿನಲ್ಲಿ ಉಂಟಾ ಇದು?"

"ಇಲ್ಲ ಸರ್. ಆದ್ರೆ ಅದು ಹಾಕದಿದ್ರೆ ಆಗುದಿಲ್ಲ..."

"ನನಗೇ ಕಲಿಸ್ತೀಯಾ? ಎದ್ದು ನಿಲ್ಲು."

ಫಾಹಿಮಾ ಎದ್ದು ನಿಂತಳು. ಓಡಿದ ಒಂದೇ ಒಂದು ಪ್ರೋಗ್ರಾಮಿಗೆ ಶಿಕ್ಷೆಯಾಯಿತು. ಓಡದವರೆಲ್ಲ ಮರ್ಯಾದೆಯಿಂದ ಕೂತಿದ್ದರು.

"ದೊಡ್ಡ ಇಂಜಿನಿಯರ್ ಬಂದಳು," ಎಂದಳು ತ್ರಿಶಾ, ಹಿಂದಿನವರಿಗೆ ಕೇಳುವಷ್ಟು ಗಟ್ಟಿಯಾಗಿ. ಅವರು ಕಿಸಕ್ಕೆಂದು ನಕ್ಕರು.

ಫಾಹಿಮಾ ತಿರುಗಿ ಬೈಯಲಿಲ್ಲ. "ಕ್ಲೋಸ್ ಮಾಡ್ಬೇಡ ಮಾರಾಯ್ತಿ. ಎಂತ ಬರ್ದಿದೆ ಅಂತ ಒಮ್ಮೆ ಓದು," ಎಂದಳು.

ಬೇಡವೆಂದುಕೊಂಡೇ ತ್ರಿಶಾ ಓದಿದಳು. ಬೈಗುಳವೇನೂ ಇರಲಿಲ್ಲ. ರಿಟರ್ನ್ ಎಂಬ ಪದಕ್ಕೆ ಮೊದಲು ಸೆಮಿಕೋಲನ್ ಬೇಕಿತ್ತು ಎಂದು ಸಾಲಿನ ನಂಬರು ಸಮೇತ ಬರೆದಿತ್ತು. ಅವಳು ಬೋರ್ಡು ನೋಡಿದಳು. ಅಲ್ಲೂ ಇರಲಿಲ್ಲ. ಮೆಲ್ಲನೆ ಒಂದು ಕೀ ಒತ್ತಿ ರನ್ ಕೊಟ್ಟಳು.

ವೆಲ್‌ಕಮ್.

ಅಷ್ಟರಲ್ಲಿ ವಿಮಲಕುಮಾರರು ಮೊಬೈಲ್ ಹಿಡಿದು ಒಳಗೆ ಬಂದರು. "ಕಂಪ್ಯೂಟರ್ ಹಳತು ಸರ್, ವೈರಸ್ ಕೂಡ ಉಂಟು," ಎನ್ನುತ್ತಿದ್ದ ಶಶಿರಾಜ್ ಸರ್ ಕಣ್ಣಿಗೆ ತ್ರಿಶಾಳ ಸ್ಕ್ರೀನ್ ಬಿತ್ತು.

"ನೋಡಿ, ಇವಳದ್ದು ಬಂತು. ನಾನು ಬರೆದ ಹಾಗೇ ಮಾಡುವ ಹುಡುಗಿ ಇವಳು."

ಮೊಬೈಲ್ ಅವಳತ್ತ ತಿರುಗಿತು. ಪಕ್ಕದಲ್ಲಿ ಫಾಹಿಮಾ ಇನ್ನೂ ನಿಂತೇ ಇದ್ದಳು.

"ಇಲ್ಲ ಸರ್. ನಾನೂ ಬೋರ್ಡಿನಲ್ಲಿ ಇಲ್ಲದ್ದು ಹಾಕಿದ್ದೇನೆ," ಎಂದು ತ್ರಿಶಾ ಎದ್ದು ನಿಂತಳು.

ವಿಮಲಕುಮಾರರಿಗೆ ಏನೂ ತಿಳಿಯಲಿಲ್ಲ. ಇಬ್ಬರು ಹುಡುಗಿಯರು ಎದ್ದು ಗೌರವ ಕೊಡುತ್ತಿದ್ದಾರೆ ಎಂದುಕೊಂಡು ಸಂತೋಷದಿಂದ ಕ್ಲಿಕ್ಕಿಸಿದರು. ಎಲ್ಲರೂ ಮೊಬೈಲಿಗೆ ನಗುತ್ತಿರುವಾಗ ಶಶಿರಾಜ್ ಸರ್ ಬೋರ್ಡಿನತ್ತ ತಿರುಗಿ ಚಾಕ್‌ಪೀಸಿನಿಂದ ಒಂದು ಸಾಲಿನ ಕೊನೆಗೆ ಏನನ್ನೋ ಒತ್ತಿದರು. ಆಮೇಲೆ, "ಈಗ ಸರಿಯಾಗಿ ನೋಡಿ ಬರೆಯಿರಿ," ಎಂದು ಗದರಿದರು. ಕ್ಲಾಸಿಗೆ ಕ್ಲಾಸೇ ತಲೆ ತಗ್ಗಿಸಿ ಕಾಪಿ ಮಾಡತೊಡಗಿತು.

"ನಾನು ಆಗ ಇಂಜಿನಿಯರ್ ಅಂದದ್ದು..." ಎಂದಳು ತ್ರಿಶಾ ಮೆಲ್ಲಗೆ.

"ನಂಗೆ ಕೇಳ್ಲಿಲ್ಲ," ಎಂದಳು ಫಾಹಿಮಾ.

ಕೇಳಿಸಿತ್ತು ಎಂದು ತ್ರಿಶಾಗೆ ಗೊತ್ತಿತ್ತು.