ಒಂದೇ ಸಲ ಮಾತಾಡಿದ ಎರಡು ದನಿಗಳು

ಹನ್ನೊಂದು ಗಂಟೆಯ ಪರೀಕ್ಷೆಗೆ ಇನ್ನು ಐವತ್ತು ನಿಮಿಷವಿತ್ತು. ತನುಜಳ ಲ್ಯಾಪ್‌ಟಾಪ್ ಎರಡು ದನಿಯಲ್ಲಿ ಒಟ್ಟಿಗೇ ಬಡಬಡಿಸುತ್ತಿತ್ತು.

ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಪರದೆಯ ಮೇಲಿನದನ್ನು ಓದಿ ಹೇಳಲು ಸ್ಕ್ರೀನ್ ರೀಡರ್ ಬೇಕು. ಕೆಲಸದ ಆನ್‌ಲೈನ್ ಪರೀಕ್ಷೆಗೆ ಅನುಕೂಲವಾದೀತೆಂದು ನಿನ್ನೆ ಲ್ಯಾಪ್‌ಟಾಪಿನ ಲಿನಕ್ಸ್ ವ್ಯವಸ್ಥೆಗೆ ಹೊಸದೊಂದನ್ನು ಹಾಕಿಕೊಂಡಿದ್ದಳು. ಈಗ ಹಳೆಯದೂ ಹೊಸದೂ ಒಂದರ ಮೇಲೊಂದು ಬಿದ್ದು ಮಾತಾಡಿ, ಒಂದು ಪದವೂ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೇ ಜಗನ್‌ಗೆ ಫೋನ್ ಮಾಡಿದ್ದಳು. ಲಿನಕ್ಸ್ ಬಳಸುವ ಅಂಧರ ವಾಟ್ಸಾಪ್ ಗುಂಪಿನಲ್ಲಿ ಆರು ತಿಂಗಳ ಹಿಂದೆ ಪರಿಚಯವಾದ ಚಿಂತಾಮಣಿಯವನು. ದಿನವೂ ಮಾತಾಡುತ್ತಿದ್ದರು, ಭೇಟಿಯಾಗಿರಲಿಲ್ಲ.

"ಫೋನಲ್ಲಿ ನಂಗೂ ಏನೂ ಗೊತ್ತಾಗ್ತಿಲ್ಲ ಕಣ್ರೀ. ಬಸ್ ಹತ್ತಿ ಬರ್ತೀನಿ," ಎಂದಿದ್ದ.

ತನುಜಳ ಊರು ದಿಬ್ಬೂರಹಳ್ಳಿಯಲ್ಲಿಳಿದು ಮನೆ ಹುಡುಕಿಕೊಂಡು ಅವನು ಬಂದಾಗ ಅವಳ ತಾಯಿ ಲಕ್ಷ್ಮಿದೇವಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. "ಒಳಗಿದಾಳೆ, ಹೋಗಪ್ಪ," ಎಂದರು. ತನುಜ ಕಿವಿಗೊಟ್ಟಳು. ಕೋಲಿನ ಸದ್ದಿಲ್ಲ. ತಡವರಿಕೆಯಿಲ್ಲ. ಹೆಜ್ಜೆಗಳು ನೇರ ಬಂದು ಅವಳೆದುರು ನಿಂತವು.

"ನಿಮಗೆ ಕಣ್ಣು ಕಾಣುತ್ತಾ?"

"ಕಾಣುತ್ತೆ."

ಅವಳ ಕೈ ತಾನಾಗಿಯೇ ಮುಂಗುರುಳನ್ನು ಕಿವಿಯ ಹಿಂದೆ ಸರಿಸಿತು. ತನ್ನಂಥವನೇ ಎಂದುಕೊಂಡು ಇಷ್ಟು ದಿನ ಏನೇನೆಲ್ಲ ಹೇಳಿಕೊಂಡುಬಿಟ್ಟಿದ್ದೆ!

"ಯಾಕೆ ಹೇಳಲಿಲ್ಲ?"

"ನಮ್ಮಮ್ಮನಿಗೆ ಕಣ್ಣು ಹೋದ್ಮೇಲೆ ಅವರಿಗೋಸ್ಕರ ಇದನ್ನೆಲ್ಲ ಕಲಿತೆ, ಗುಂಪಿಗೂ ಸೇರಿದೆ. ಮೊದಲ್ನೇ ದಿನವೇ ಹೇಳ್ಬೇಕಿತ್ತು. ಆಮೇಲೆ, ಹೇಳಿದ್ರೆ ನೀವು ಫೋನೇ ಎತ್ತಲ್ವೇನೋ ಅಂತ ಭಯ ಆಯ್ತು."

"ಜಗಳ ಆಮೇಲೆ ಆಡಣ. ಟೈಮ್ ಎಷ್ಟು?"

"ಹತ್ತೂ ಇಪ್ಪತ್ತು. ಸೌಂಡ್ ಪೂರ್ತಿ ಆಫ್ ಮಾಡಿ. ಕೀ ನೀವೇ ಒತ್ತಿ, ನಾನು ಓದ್ತೀನಿ."

ಅವಳು ಒತ್ತುತ್ತ ಹೋದಳು, ಅವನು ಪಕ್ಕದಲ್ಲಿ ಕೂತು ಓದುತ್ತ ಹೋದ. "ಸೆಟ್ಟಿಂಗ್ಸ್... ಕೆಳಗೆ... ಇನ್ನೂ ಕೆಳಗೆ. ಇಲ್ಲಿದೆ! ಲಾಗಿನ್ ಆದ ತಕ್ಷಣ ಎರಡೂ ಶುರುವಾಗ್ತಿವೆ. ಹೊಸದನ್ನ ಆಫ್ ಮಾಡಿ."

ಆತುರದಲ್ಲಿ ಎರಡು ಸಲ ತಪ್ಪು ಕೀ ಒತ್ತಿದಳು.

"ನಿಧಾನ."

ಫೋನಿನಲ್ಲಿ ಕೇಳಿದ್ದಕ್ಕಿಂತ ಆ ದನಿ ಮೆತ್ತಗಿತ್ತು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ಎದೆ ಬೇರೆಯೇ ಥರ ಹೊಡೆದುಕೊಳ್ಳುತ್ತಿದೆಯಲ್ಲ ಎಂದು ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ರೀಸ್ಟಾರ್ಟ್ ಮಾಡಿದಳು. ಸೌಂಡ್ ಏರಿಸಿದಳು. ಏನೂ ಇಲ್ಲ. ಸ್ಪೀಕರಿಗೆ ಕಿವಿ ಹಚ್ಚಿದಳು. ಕೊನೆಗೆ ಹಳೆಯ ದನಿ ಒಂದೇ, ಸ್ಪಷ್ಟವಾಗಿ, ಮಾತಾಡಿತು.

"ನಾನು ಹೊರಗಿರ್ತೀನಿ," ಎಂದು ಜಗನ್ ಎದ್ದ.

ಪರೀಕ್ಷೆ ಮುಗಿಸಿ ಅವಳು ಜಗಲಿಗೆ ಬಂದಾಗ ಹನ್ನೆರಡೂವರೆ.

"ಹೇಗಾಯ್ತು?"

"ಎಲ್ಲಾನೂ ಮಾಡ್ದೆ. ನಾಳೆ ಹೇಳ್ತಾರಂತೆ."

"ಹಾಗಾದ್ರೆ... ನಾನು ಹೊರಡ್ಲಾ?"

"ನನ್ನ ಹತ್ರ ಇನ್ನೂ ಏನೇನು ಮುಚ್ಚಿಟ್ಟಿದೀರ?"

"ಒಂದೇ ಒಂದು. ಅದು ನಿಮಗೂ ಗೊತ್ತಿರ್ಬೇಕು."

"ಗೊತ್ತಿದ್ರೂ ಬಾಯ್ಬಿಟ್ಟು ಹೇಳಿ."

"ನೀವಂದ್ರೆ ನಂಗಿಷ್ಟ, ತನುಜ. ಫೋನ್ ಎತ್ತೋದು ಅರ್ಧ ನಿಮಿಷ ತಡ ಆದ್ರೂ ಕೈಕಾಲು ಆಡಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಅವನು ನೋಡುತ್ತಿದ್ದಾನೆಂದು ಗೊತ್ತಿತ್ತು. ನೋಡಲಿ ಎಂದು ಮುಖವನ್ನು ಅವನತ್ತಲೇ ಹಿಡಿದು ಕೂಗಿದಳು:

"ಅಮ್ಮಾ, ಇನ್ನೊಂದು ಮುದ್ದೆ ಜಾಸ್ತಿ ಮಾಡಮ್ಮ. ಇವ್ರು ಊಟ ಮಾಡ್ಕೊಂಡೇ ಹೋಗೋದು."